ಬಸ್ ನಿಲ್ದಾಣದ ದೃಶ್ಯಕ್ಕೆ 60 ಡಿಜಿಟಲ್ ಮನುಷ್ಯರು: ಪ್ರಾಜೆಕ್ಟಿನ ಯೋಜನೆ ಹೇಗಿರಬೇಕು?

ಪ್ರಶ್ನೆ – ಅಂತಿಮ ವರ್ಷದ ಬಿ.ಇ. ವಿದ್ಯಾರ್ಥಿನಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸೇರಿ ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಹುಬ್ಬಳ್ಳಿಯ ಸಿಬಿಟಿಯಂತಹ ನಗರ ಬಸ್ ನಿಲ್ದಾಣವೊಂದನ್ನು ಕಂಪ್ಯೂಟರಿನಲ್ಲಿ 3ಡಿ ದೃಶ್ಯವಾಗಿ ಕಟ್ಟಿ, ಅದರಲ್ಲಿ ಕನಿಷ್ಠ 60 ಜನ ನಿಂತು, ಕುಳಿತು, ನಡೆದಾಡುವಂತೆ ಮಾಡಬೇಕು. ಆ 60 ಜನರನ್ನು ಒಬ್ಬೊಬ್ಬರನ್ನಾಗಿ ಕೈಯಿಂದ ರೂಪಿಸದೆ, ನಾವು ಬರೆಯುವ ಪ್ರೋಗ್ರಾಮೇ ವಯಸ್ಸು, ಮೈಕಟ್ಟು, ಮುಖ, ಮೈಬಣ್ಣ, ಉಡುಗೆಗಳನ್ನು ಬದಲಿಸುತ್ತ ಸೃಷ್ಟಿಸಬೇಕು ಎಂಬುದು ನಮ್ಮ ಉದ್ದೇಶ. ಮುಂದೆ ಬರುವ ವಿದ್ಯಾರ್ಥಿಗಳು ನಾಮಫಲಕ ಎಲ್ಲಿರಬೇಕು, ದಾರಿ ಎಷ್ಟು ಅಗಲವಿರಬೇಕು ಎಂಬುದನ್ನು ಈ ದೃಶ್ಯದಲ್ಲಿ ಪರೀಕ್ಷಿಸಿ ನೋಡುವಂತಿರಬೇಕು ಎಂಬ ಆಸೆಯೂ ಇದೆ.

ಮೊದಲ ಪ್ರಯತ್ನವಾಗಿ ಮೇಕ್‌ಹ್ಯೂಮನ್ ಎಂಬ ಉಚಿತ ತಂತ್ರಾಂಶವನ್ನು ತೆಗೆದುಕೊಂಡು, ಅದರ ಸ್ಲೈಡರುಗಳಿಗೆ (ಮೈ, ಮುಖದ ಒಂದೊಂದು ಗುಣವನ್ನು ಹೆಚ್ಚುಕಡಿಮೆ ಮಾಡುವ ಜಾರುಗುಂಡಿಗಳಿಗೆ) ಪೈಥಾನ್ ಪ್ರೋಗ್ರಾಮಿನ ಮೂಲಕ ಯಾದೃಚ್ಛಿಕ ಬೆಲೆಗಳನ್ನು ಕೊಟ್ಟು 50 ಪಾತ್ರಗಳನ್ನು ತಯಾರಿಸಿದೆವು. ಸ್ಲೈಡರುಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗಲು ಬಿಟ್ಟಾಗ ಒಬ್ಬನ ಗದ್ದ ಕುತ್ತಿಗೆಯನ್ನೇ ಮರೆಮಾಡಿತು, ಇನ್ನೊಬ್ಬಳ ಕಣ್ಣುಗಳು ಕಿವಿಯ ಕಡೆಗೆ ಸರಿದವು. ಅದನ್ನು ಸರಿಪಡಿಸಲು ಎಲ್ಲ ಬೆಲೆಗಳನ್ನೂ ನಡುಮಟ್ಟದ ಆಸುಪಾಸಿನಲ್ಲಿ ಹಿಡಿದಿಟ್ಟಾಗ ಐವತ್ತೂ ಜನ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿದರು. ಅವರಲ್ಲಿ ಯಾರೂ ನಮ್ಮ ಕಡೆಯವರಂತೆ ಕಾಣಲಿಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚಿನ ಬೇಸರ. ಚರ್ಮವನ್ನು ಕಪ್ಪಾಗಿಸಿ ನೋಡಿದರೆ ಬಣ್ಣ ಬಳಿದ ಗೊಂಬೆಗಳಂತೆ ಕಂಡವು.

ನಮ್ಮ ಕೈಯಲ್ಲಿ ಎರಡು ಸೆಮಿಸ್ಟರುಗಳಿವೆ. 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಒಂದೇ ಕಂಪ್ಯೂಟರಿದೆ. ಸ್ಲೈಡರುಗಳ ದಾರಿಯಲ್ಲೇ ಮುಂದುವರಿಯಬೇಕೇ ಅಥವಾ ಕೃತಕ ಬುದ್ಧಿಮತ್ತೆಯಿಂದ ಮುಖಗಳನ್ನು ಸೃಷ್ಟಿಸುವ ದಾರಿ ಹಿಡಿಯಬೇಕೇ? ನಮ್ಮ ಭಾಗದ ಜನರ ಅಳತೆಗಳು ಎಲ್ಲಿ ಸಿಗುತ್ತವೆ? ಕೊನೆಗೆ, ನಮ್ಮ ಪಾತ್ರಗಳಲ್ಲಿ ನಿಜವಾಗಿಯೂ ವೈವಿಧ್ಯವಿದೆ ಎಂಬುದನ್ನು ಪರೀಕ್ಷಕರ ಮುಂದೆ ಯಾವ ಆಧಾರದ ಮೇಲೆ ಹೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕ, ಧಾರವಾಡ

ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ಕೈಗೆತ್ತಿಕೊಳ್ಳಿ. ವೈವಿಧ್ಯ ಎಂದರೆ ಏನು, ಅದನ್ನು ಹೇಗೆ ಅಳೆಯುತ್ತೇವೆ ಎಂಬುದನ್ನು ಬರೆದಿಟ್ಟುಕೊಳ್ಳದೆ ತಂತ್ರಾಂಶ ತೆರೆದ ತಂಡಗಳು ಏಪ್ರಿಲ್ ತಿಂಗಳಲ್ಲಿ ಚೆಂದದ ಚಿತ್ರಗಳನ್ನು ಹಿಡಿದು ಬರುತ್ತವೆ, ಆದರೆ ಒಂದು ಪ್ರಶ್ನೆಗೂ ಉತ್ತರ ಕೊಡಲಾಗದೆ ನಿಲ್ಲುತ್ತವೆ. ಇದನ್ನು ನಾನು ಹಲವು ವರ್ಷ ನೋಡಿದ್ದೇನೆ, ನಿಮಗೆ ಹಾಗಾಗಬಾರದು.

ನಿಮ್ಮ ಮೊದಲ ಪ್ರಯತ್ನ ಏಕೆ ಕೆಟ್ಟಿತು ಎಂಬುದರಲ್ಲೇ ಬಹಳಷ್ಟು ಪಾಠವಿದೆ. ನೀವು ಪ್ರತಿಯೊಂದು ಸ್ಲೈಡರನ್ನೂ ಉಳಿದವುಗಳ ಹಂಗಿಲ್ಲದೆ ಬದಲಿಸಿದಿರಿ. ಮನುಷ್ಯನ ದೇಹ ಹಾಗಿಲ್ಲ. ಎತ್ತರದ ಮನುಷ್ಯನ ತೋಳೂ ಉದ್ದವಾಗಿರುತ್ತದೆ, ಎರಡೂ ಕೈ ಚಾಚಿ ನಿಂತಾಗಿನ ಅಗಲ ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಇರುತ್ತದೆ. ಈ ಸಹಸಂಬಂಧಗಳನ್ನು ಮುರಿದಾಗ ವಿಕಾರ ಹುಟ್ಟುತ್ತದೆ. ಎಲ್ಲವನ್ನೂ ಸರಾಸರಿಯ ಹತ್ತಿರ ಕಟ್ಟಿಹಾಕಿದಾಗ ಹತ್ತಾರು ಸಣ್ಣ ವ್ಯತ್ಯಾಸಗಳು ಒಂದನ್ನೊಂದು ಸರಿದೂಗಿಸಿ, ಎಲ್ಲ ಮುಖಗಳೂ ಒಂದೇ ಸರಾಸರಿ ಮುಖದ ನೆರಳುಗಳಾಗುತ್ತವೆ. ಇದಕ್ಕೆ ಪರಿಹಾರವೆಂದರೆ, ನಿಜವಾದ ಮನುಷ್ಯರ ಅಳತೆಗಳಲ್ಲಿ ಯಾವ ಅಂಗ ಯಾವುದರ ಜೊತೆಗೂಡಿ ಬದಲಾಗುತ್ತದೆ ಎಂಬುದನ್ನು ಪಿಸಿಎ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಕಂಡುಕೊಂಡು, ಸರಾಸರಿ ದೇಹಕ್ಕೆ ಆ ಜೋಡಿ ಬದಲಾವಣೆಗಳನ್ನೇ ಬೇರೆಬೇರೆ ಪ್ರಮಾಣದಲ್ಲಿ ಕೂಡಿಸುವುದು. 1999ರಲ್ಲಿ ಬ್ಲಾನ್ಜ್ ಮತ್ತು ವೆಟ್ಟರ್ ಎಂಬ ಸಂಶೋಧಕರು 200 ಜನರ ತಲೆಯ ಸ್ಕ್ಯಾನುಗಳಿಂದ ಮುಖಗಳಿಗೆ ಇದನ್ನು ಮಾಡಿ ತೋರಿಸಿದರು. 2015ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಬಂದ ಎಸ್‌ಎಂಪಿಎಲ್ ಮಾದರಿ ಇಡೀ ದೇಹಕ್ಕೆ ಇದೇ ತತ್ವವನ್ನು ಅನ್ವಯಿಸಿತು. ಅದರ ಜಾಲರಿಯಲ್ಲಿ, ಅಂದರೆ ಮೈಯ ಹೊರರೂಪವನ್ನು ಕಟ್ಟುವ ಬಿಂದುಗಳ ಬಲೆಯಲ್ಲಿ, 6,890 ಬಿಂದುಗಳಿವೆ; ಸಾಮಾನ್ಯವಾಗಿ ಕೇವಲ 10 ಸಂಖ್ಯೆಗಳನ್ನು ಬದಲಿಸಿ ಅದರಿಂದ ಬೇರೆಬೇರೆ ಮೈಕಟ್ಟುಗಳನ್ನು ಪಡೆಯುತ್ತಾರೆ. ಆ ಸಂಖ್ಯೆಗಳನ್ನು ಎರಡು ಮಾನಕ ವಿಚಲನೆಗಳ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬುದರ ಅಳತೆ) ಮಿತಿಯಲ್ಲಿಟ್ಟರೆ ವಿಕಾರಗಳು ಬಹುತೇಕ ನಿಲ್ಲುತ್ತವೆ.

ಈ ದಾರಿಯನ್ನೇ ಹಿಡಿಯಿರಿ ಎನ್ನಲು ಇನ್ನೊಂದು ಕಾರಣವಿದೆ. ಎಲ್ಲ ಪಾತ್ರಗಳೂ ಒಂದೇ ಜಾಲರಿಯಿಂದ ಹುಟ್ಟಿದಾಗ, ಒಬ್ಬರಿಗೆ ಮೂಗಿನ ತುದಿಯಾದ ಬಿಂದು ಎಲ್ಲರಿಗೂ ಮೂಗಿನ ತುದಿಯೇ ಆಗಿರುತ್ತದೆ. ಆದ್ದರಿಂದ ಒಂದೇ ರಿಗ್ (ಪಾತ್ರವನ್ನು ಅಲುಗಾಡಿಸುವ ಒಳಗಿನ ಮೂಳೆಗಳ ಚೌಕಟ್ಟು), ಒಂದೇ ಚರ್ಮದ ನಕ್ಷೆ (ಮೈಗೆ ಹೊದಿಸುವ ಬಣ್ಣದ ಚಿತ್ರ) ಅರವತ್ತೂ ಜನರಿಗೆ ಹೊಂದುತ್ತದೆ. ಕೃತಕ ಬುದ್ಧಿಮತ್ತೆಯ ಮುಖಗಳಲ್ಲಿ ಈ ಸೌಲಭ್ಯವಿಲ್ಲ. ಎನ್ವಿಡಿಯಾ ಸಂಸ್ಥೆಯ ಸ್ಟೈಲ್‌ಗ್ಯಾನ್ 70,000 ಛಾಯಾಚಿತ್ರಗಳಿಂದ ಕಲಿತು ಬೆರಗಾಗುವಂತಹ ಮುಖಗಳನ್ನು ಕೊಡುತ್ತದೆ ನಿಜ, ಆದರೆ ಅದು ಕೊಡುವುದು ಚಿತ್ರ. ಬಸ್ ಹತ್ತುವ ಕಾಲು ಅದಕ್ಕಿಲ್ಲ.

ಈಗ ದತ್ತಾಂಶದ ಮಾತು. ಎಸ್‌ಎಂಪಿಎಲ್ ಮಾದರಿಯ ಮೈಕಟ್ಟುಗಳು ಸೀಸರ್ ಎಂಬ ಸಮೀಕ್ಷೆಯ ಸ್ಕ್ಯಾನುಗಳಿಂದ ಕಲಿತವು, ಆ ಸಮೀಕ್ಷೆ ನಡೆದದ್ದು ಉತ್ತರ ಅಮೆರಿಕ, ನೆದರ್ಲೆಂಡ್ಸ್ ಮತ್ತು ಇಟಲಿಗಳಲ್ಲಿ. ನಿಮ್ಮ ಪಾತ್ರಗಳು ನಮ್ಮ ಕಡೆಯವರಂತೆ ಕಾಣಬೇಕಾದರೆ ಅದರ ಸರಾಸರಿಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಭಾರತೀಯರ ದೇಹದ ಅಳತೆಗಳನ್ನು 1997ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದೆ. ನಿಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡಲು ಕೇಳಿ. ದತ್ತಾಂಶ ಒಂದು ಕಡೆಗೆ ವಾಲಿದಾಗ ಏನಾಗುತ್ತದೆ ಎಂಬುದಕ್ಕೆ 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ನಡೆಸಿದ ಅಧ್ಯಯನ ಸಾಕ್ಷಿ: ಮುಖ ನೋಡಿ ಗಂಡು ಹೆಣ್ಣು ಗುರುತಿಸುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಅವರು ಪರೀಕ್ಷಿಸಿದಾಗ, ಕಪ್ಪು ಮೈಬಣ್ಣದ ಮಹಿಳೆಯರ ವಿಷಯದಲ್ಲಿ ತಪ್ಪುಗಳು ಶೇ. 34.7ರವರೆಗೆ ಹೋದವು, ಬಿಳಿ ಮೈಬಣ್ಣದ ಪುರುಷರಲ್ಲಿ ಅದು ಶೇ. 0.8ನ್ನು ಮೀರಲಿಲ್ಲ. ಈ ಅಧ್ಯಯನವನ್ನು ನಿಮ್ಮ ವರದಿಯ ಮೊದಲ ಅಧ್ಯಾಯದಲ್ಲೇ ತನ್ನಿ; ನಿಮ್ಮ ಪ್ರಾಜೆಕ್ಟ್ ಏಕೆ ಬೇಕು ಎಂಬುದನ್ನು ಅದು ನಿಮಗಿಂತ ಚೆನ್ನಾಗಿ ಹೇಳುತ್ತದೆ.

"ನಮ್ಮ ಕಡೆಯವರು" ಎಂಬ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಿ ಎಂದು ಕೇಳಿಕೊಳ್ಳುತ್ತೇನೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಹಳಿಯಾಳ, ಯಲ್ಲಾಪುರ ಕಡೆಯ ಆಫ್ರಿಕಾ ಮೂಲದ ಸಿದ್ದಿ ಜನ ಇಳಿಯುತ್ತಾರೆ, ಮುಂಡಗೋಡದ ಟಿಬೆಟನ್ ಕ್ಯಾಂಪಿನವರು ಇಳಿಯುತ್ತಾರೆ, ಗದಗ ಹಾವೇರಿಗಳ ತಾಂಡಾಗಳಿಂದ ಬಂದ ಲಂಬಾಣಿ ಹೆಂಗಸರು ಇಳಿಯುತ್ತಾರೆ. ಹಾಗೆಂದು ಒಂದೊಂದು ಸಮುದಾಯಕ್ಕೆ ಒಂದೊಂದು ಸ್ಲೈಡರ್ ಮಾಡಬೇಡಿ. ಮುಖದ ಗುಣಗಳನ್ನು ಸಂಖ್ಯೆಗಳ ನಿರಂತರ ವ್ಯಾಪ್ತಿಯಾಗಿಯೇ ಇಟ್ಟುಕೊಂಡು, ಆ ವ್ಯಾಪ್ತಿ ಸಾಕಷ್ಟು ಅಗಲವಾಗಿದೆಯೇ ಎಂದಷ್ಟೇ ನೋಡಿ.

ಅಳೆಯುವ ಬಗೆಗೆ ಬರುತ್ತೇನೆ. 60 ಪಾತ್ರಗಳಿದ್ದರೆ 1,770 ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಮುಖಗಳನ್ನು ಒಂದರ ಮೇಲೊಂದು ಕೂರಿಸಿ, ಬಿಂದುಗಳ ನಡುವಿನ ಸರಾಸರಿ ಅಂತರವನ್ನು ಲೆಕ್ಕಹಾಕಿ. ಇಲ್ಲಿ ಎಲ್ಲ ಜೋಡಿಗಳ ಸರಾಸರಿಗಿಂತ ಅತಿ ಕಡಿಮೆ ಅಂತರವಿರುವ ಜೋಡಿಯೇ ಮುಖ್ಯ, ಏಕೆಂದರೆ ನೋಡುವವರ ಕಣ್ಣಿಗೆ ಇಬ್ಬರು ಅವಳಿಗಳು ಬಿದ್ದರೆ ಸಾಕು, ಉಳಿದ 58 ಜನರ ಮೇಲೂ ನಂಬಿಕೆ ಹೋಗುತ್ತದೆ. ಮೊದಲು 500 ಪಾತ್ರಗಳನ್ನು ಸೃಷ್ಟಿಸಿ, ಅದುವರೆಗೆ ಆರಿಸಿದವರಿಂದ ಯಾರು ಹೆಚ್ಚು ದೂರದಲ್ಲಿದ್ದಾರೋ ಅವರನ್ನು ಒಬ್ಬೊಬ್ಬರಾಗಿ ಆರಿಸುತ್ತ ಹೋದರೆ ಅವಳಿಗಳು ತಾವಾಗಿಯೇ ಬಿಟ್ಟುಹೋಗುತ್ತಾರೆ. ಆದರೆ ಈ ವಿಧಾನ ವಿಪರೀತ ರೂಪಗಳ ಕಡೆಗೆ ವಾಲುತ್ತದೆ. ಆದ್ದರಿಂದ ಎಷ್ಟು ಮುದುಕರು, ಎಷ್ಟು ಹರೆಯದವರು, ಎಷ್ಟು ಹೆಂಗಸರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆಯ್ಕೆಯನ್ನು ಆ ಗುಂಪಿನೊಳಗೆ ಮಾತ್ರ ನಡೆಸಿ.

ಆ ಪ್ರಮಾಣವನ್ನು ತಿಳಿಯಲು ಕ್ಯಾಮೆರಾ ಬೇಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ತಾಸು ನಿಲ್ದಾಣದಲ್ಲಿ ಕುಳಿತು, ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿ. ಗೊತ್ತಿಲ್ಲದವರ ಫೋಟೋ ತೆಗೆದು ಅದರಿಂದ ಮುಖಗಳನ್ನು ಕಟ್ಟುವುದು ಸಭ್ಯತೆಯಲ್ಲ. ಗುರುತು ಸಿಗುವಂತಹ ಚಿತ್ರಗಳನ್ನು ಸಂಗ್ರಹಿಸುವಾಗ ಒಪ್ಪಿಗೆ ಪಡೆಯಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಆಶಯವೂ ಹೌದು.

ಉತ್ತರ – ಆ್ಯನಿಮೇಷನ್ ಕಲಾವಿದೆ, ಊರು ಗದಗ

ತಂಗೀ, ಸರ್ ಹೇಳಿದ ಗಣಿತದ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ಅವರು ಹೇಳದೆ ಬಿಟ್ಟದ್ದು ನೋಡುವವರ ಕಣ್ಣಿನ ಬಗ್ಗೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ರೇಚಲ್ ಮೆಕ್‌ಡೊನೆಲ್ ಮತ್ತು ಅವರ ಸಂಗಡಿಗರು 2008ರಲ್ಲಿ ಜನಸಂದಣಿಯ ನಕಲು ಪಾತ್ರಗಳನ್ನು ನೋಡುಗರು ಹೇಗೆ ಪತ್ತೆಹಚ್ಚುತ್ತಾರೆ ಎಂದು ಪರೀಕ್ಷಿಸಿದರು. ಒಂದೇ ನಡಿಗೆಯನ್ನು ಇಬ್ಬರಿಗೆ ಕೊಟ್ಟರೆ ಜನ ಅಷ್ಟು ಬೇಗ ಹಿಡಿಯುವುದಿಲ್ಲ, ಒಂದೇ ರೂಪವನ್ನು ಇಬ್ಬರಿಗೆ ಕೊಟ್ಟರೆ ಬೇಗ ಹಿಡಿಯುತ್ತಾರೆ ಎಂದು ಕಂಡಿತು. ಮರುವರ್ಷದ ಅವರ ಇನ್ನೊಂದು ಅಧ್ಯಯನದಲ್ಲಿ ನೋಡುಗರ ದೃಷ್ಟಿ ಹೆಚ್ಚಾಗಿ ತಲೆ ಮತ್ತು ಮೈಯ ಮೇಲ್ಭಾಗದಲ್ಲೇ ನಿಲ್ಲುತ್ತದೆ ಎಂದು ತಿಳಿಯಿತು. ನಿಮ್ಮ ಎರಡು ಸೆಮಿಸ್ಟರಿನ ಸಮಯವನ್ನು ಎಲ್ಲಿ ಸುರಿಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ: ಮುಖ, ಕೂದಲು, ತಲೆಯ ಮೇಲಿನ ಬಟ್ಟೆ, ಅಂಗಿ, ಸೆರಗು. ಚಪ್ಪಲಿ ಎರಡೇ ನಮೂನೆ ಇದ್ದರೂ ನಡೆಯುತ್ತದೆ. ನಡಿಗೆಗಳೂ ಐದಾರು ಸಾಕು, ಆದರೆ ಪ್ರತಿಯೊಬ್ಬರ ಹೆಜ್ಜೆ ಬೇರೆ ಕ್ಷಣದಲ್ಲಿ ಶುರುವಾಗುವಂತೆ, ವೇಗ ತುಸು ಹೆಚ್ಚುಕಡಿಮೆ ಇರುವಂತೆ ನೋಡಿಕೊಳ್ಳಿ. ಎಲ್ಲರ ಎಡಗಾಲು ಒಟ್ಟಿಗೆ ಎದ್ದರೆ ನಿಲ್ದಾಣ ಪರೇಡ್ ಮೈದಾನವಾಗುತ್ತದೆ.

ಚರ್ಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಗೊಂಬೆಯಂತೆ ಕಂಡಿತು ಎಂದಿದ್ದೀರಿ. ಚರ್ಮಕ್ಕೆ ಬಣ್ಣ ಕೊಡುವುದರಲ್ಲಿ ಮೆಲನಿನ್ ಮತ್ತು ರಕ್ತದ ಹಿಮೋಗ್ಲೋಬಿನ್ ಮುಖ್ಯ, ಅವೆರಡೂ ಮೈಯ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಂಗೈ, ಅಂಗಾಲುಗಳು ತಿಳಿಯಾಗಿರುತ್ತವೆ, ತುಟಿ ಮತ್ತು ಕಣ್ಣಿನ ಸುತ್ತಲಿನ ಬಣ್ಣ ಬೇರೆ. ನೀವು ಇಡೀ ಚಿತ್ರಕ್ಕೆ ಒಂದೇ ಕಪ್ಪು ಪದರವನ್ನು ಹೊದಿಸಿದಿರಿ, ಅಂಗೈಯೂ ಅದರೊಳಗೆ ಮುಚ್ಚಿಹೋಯಿತು. ಮೆಲನಿನ್‌ಗೆ ಒಂದು, ರಕ್ತದ ಕೆಂಪಿಗೆ ಇನ್ನೊಂದು ನಕ್ಷೆ ಮಾಡಿ, ಎರಡನ್ನೂ ಬೇರೆಬೇರೆಯಾಗಿ ಬದಲಿಸಿ. ಬಣ್ಣದ ಮೆಟ್ಟಿಲುಗಳಿಗೆ 1975ರಲ್ಲಿ ಹುಟ್ಟಿದ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ 6 ಬಗೆಗಳನ್ನು ತೆಗೆದುಕೊಳ್ಳಬೇಡಿ; ಅದು ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂದು ನೋಡಲು ಚರ್ಮವೈದ್ಯರು ಮಾಡಿಕೊಂಡದ್ದು. ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ರೂಪಿಸಿ, ಗೂಗಲ್ 2022ರಲ್ಲಿ ಎಲ್ಲರಿಗೂ ಮುಕ್ತವಾಗಿಸಿದ ಪಟ್ಟಿಯಲ್ಲಿ 10 ಛಾಯೆಗಳಿವೆ, ಅದು ನಿಮ್ಮ ಕೆಲಸಕ್ಕೆ ಹತ್ತಿರದ್ದು.

ಇನ್ನು ಪುಸ್ತಕದಲ್ಲಿ ಸಿಗದ ಒಂದು ಮಾತು. ನಮ್ಮ ಅಜ್ಜ ಹೊಲದಿಂದ ಬಂದು ರುಮಾಲು ಬಿಚ್ಚಿ ಕಟ್ಟೆಯ ಮೇಲೆ ಇಟ್ಟಾಗ, ಅವರ ಹಣೆಯ ಅರ್ಧಕ್ಕೆ ಗೆರೆ ಎಳೆದಂತೆ ಬಣ್ಣ ಬದಲಾಗುತ್ತಿತ್ತು. ಮೇಲೆ ತಿಳಿ, ಕೆಳಗೆ ಬಿಸಿಲಿಗೆ ಸುಟ್ಟ ಕಂದು. ಅಂಗಿಯ ತೋಳು ನಿಲ್ಲುವ ಕಡೆ ರಟ್ಟೆಯ ಮೇಲೆಯೂ ಅಂತಹದೇ ಗೆರೆ. ಬಿಸಿಲಿನಲ್ಲಿ ದುಡಿಯುವ ಪಾತ್ರಕ್ಕೆ ಈ ಗೆರೆಯನ್ನು ಉಡುಗೆಯಿಂದಲೇ ಲೆಕ್ಕಹಾಕಬಹುದು: ಬಟ್ಟೆ ಮುಚ್ಚಿದ ಭಾಗದಲ್ಲಿ ಮೆಲನಿನ್ ಬೆಲೆಯನ್ನು ಸ್ವಲ್ಪ ಇಳಿಸಿದರೆ ಆಯಿತು. ಹತ್ತು ಸಾಲಿನ ಪ್ರೋಗ್ರಾಮು, ಆದರೆ ಪಾತ್ರಕ್ಕೆ ಒಂದು ದುಡಿಮೆಯ ಜೀವನ ಬಂದುಬಿಡುತ್ತದೆ.

ಸೀರೆಯ ವಿಷಯದಲ್ಲಿ ಸಮಯ ಕಳೆದುಕೊಳ್ಳಬೇಡಿ. ಉಚಿತವಾಗಿ ಸಿಗುವ ಉಡುಗೆಗಳ ಸಂಗ್ರಹದಲ್ಲಿ ಪ್ಯಾಂಟು, ಟೀ ಶರ್ಟುಗಳೇ ಹೆಚ್ಚು, ಕಚ್ಚೆ ಸೀರೆಯಂತೂ ಸಿಗುವುದಿಲ್ಲ. ಅರವತ್ತು ಮೈಗಳ ಮೇಲೆ ಅರವತ್ತು ಸಲ ಬಟ್ಟೆಯ ಸಿಮ್ಯುಲೇಷನ್ (ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಎಂಬ ಲೆಕ್ಕ) ನಡೆಸಲು ನಿಮ್ಮ ಕಂಪ್ಯೂಟರಿಗೆ ಆಗುವುದಿಲ್ಲ. ಸರಾಸರಿ ಮೈಯ ಮೇಲೆ ಒಮ್ಮೆ ಚೆನ್ನಾಗಿ ಉಡಿಸಿ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿರುವ ಸರ್ಫೇಸ್ ಡಿಫಾರ್ಮ್ ಎಂಬ ಸಾಧನದಿಂದ ಸೀರೆಯನ್ನು ಮೈಗೆ ಬಂಧಿಸಿದರೆ, ಮೈ ದಪ್ಪವಾದಾಗ ಸೀರೆಯೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ಹೀಗೆ ಮೂರು ಉಡಿಗೆಗಳು ಸಾಕು: ಕಚ್ಚೆ, ಎಲ್ಲರೂ ಉಡುವ ನೆರಿಗೆಯ ಸೀರೆ, ತಲೆ ತುಂಬ ಸೆರಗು ಹೊದ್ದದ್ದು. ಬಣ್ಣ, ಅಂಚು, ಸೆರಗುಗಳನ್ನು ಚಿತ್ರದಿಂದ ಬದಲಿಸಿ. ಇಳಕಲ್ ಸೀರೆಯ ಕೆಂಪು ಸೆರಗು ದೂರದಿಂದಲೇ ಗುರುತು ಸಿಗುತ್ತದೆ, ಆದ್ದರಿಂದ ಅದನ್ನೇ ಹತ್ತು ಜನರಿಗೆ ಕೊಡಬೇಡಿ.

ಲೈಸೆನ್ಸನ್ನು ಈಗಲೇ ಓದಿಕೊಳ್ಳಿ. ಎಸ್‌ಎಂಪಿಎಲ್ ಮಾದರಿಯನ್ನು ಸಂಶೋಧನೆಗೆ ಉಚಿತವಾಗಿ ಕೊಡುತ್ತಾರೆ, ವ್ಯಾಪಾರದ ಬಳಕೆಗೆ ಬೇರೆ ಅನುಮತಿ ಬೇಕು. ಮೇಕ್‌ಹ್ಯೂಮನ್‌ನಿಂದ ಹೊರತೆಗೆದ ಪಾತ್ರಗಳಿಗೆ ಅಂತಹ ಕಟ್ಟಳೆಯಿಲ್ಲ. ನಿಮ್ಮ ದೃಶ್ಯವನ್ನು ಮುಂದಿನವರು ಬಳಸಬೇಕೆಂದರೆ ಮೇಕ್‌ಹ್ಯೂಮನ್ನಿನ ಜಾಲರಿಯನ್ನೇ ಇಟ್ಟುಕೊಂಡು, ಸಹಸಂಬಂಧದ ಲೆಕ್ಕವನ್ನು ಅದರ ಮೇಲೆ ನೀವೇ ಕಟ್ಟುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಉತ್ತರ – ಹೊಲಿಗೆ ಅಂಗಡಿಯವರ ಮಗ, ಹಾವೇರಿ

ಅಳತೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಮ್ಮ ತಂದೆಯವರ ಅಂಗಡಿಯ ಕಪಾಟಿನಲ್ಲಿ ಹಳೆಯ ಅಳತೆ ಪುಸ್ತಕಗಳ ಒಂದು ಸಾಲೇ ಇದೆ. ಎದೆ, ಸೊಂಟ, ಭುಜ, ತೋಳು, ಕೊರಳು, ಉದ್ದ ಎಂದು ಪ್ರತಿ ಗಿರಾಕಿಯ ಹೆಸರಿನ ಮುಂದೆ ಬರೆದಿರುತ್ತದೆ. ಯಾವ ಊರಿನ ಹೊಲಿಗೆ ಅಂಗಡಿಯಲ್ಲಾದರೂ ಇದು ಸಿಗುತ್ತದೆ. ಹೆಸರು, ಫೋನ್ ನಂಬರುಗಳನ್ನು ಬಿಟ್ಟು, ವಯಸ್ಸಿನ ಅಂದಾಜು ಮತ್ತು ಅಂಕಿಗಳನ್ನಷ್ಟೇ ಅಂಗಡಿಯವರಿಂದಲೇ ಓದಿಸಿ ಬರೆದುಕೊಳ್ಳಿ. ಒಬ್ಬನೇ ಮನುಷ್ಯನ ಆರು ಅಳತೆಗಳು ಒಂದೇ ಸಾಲಿನಲ್ಲಿ ಸಿಗುವುದರಿಂದ, ಸರ್ ಹೇಳಿದ ಸಹಸಂಬಂಧವನ್ನು ಅಲ್ಲಿಂದಲೇ ಲೆಕ್ಕಹಾಕಬಹುದು ಎಂದು ನನಗೆ ತೋರುತ್ತದೆ.

ಆದರೆ ಒಂದು ವಿಷಯವನ್ನು ಕೇಳದೆ ಅಂಕಿಗಳನ್ನು ತೆಗೆದುಕೊಂಡು ಹೋಗಬೇಡಿ. ಕೆಲವರು ಮೈಯ ಅಳತೆಯನ್ನೇ ಬರೆದು, ಬಟ್ಟೆ ಕತ್ತರಿಸುವಾಗ ಲೂಸ್ ಸೇರಿಸುತ್ತಾರೆ. ಇನ್ನು ಕೆಲವರು ಲೂಸ್ ಸೇರಿಸಿಯೇ ಬರೆದಿರುತ್ತಾರೆ. ಶರ್ಟಿನ ಎದೆಗೆ ನಾಲ್ಕು ಇಂಚಿನವರೆಗೂ ಲೂಸ್ ಇರುತ್ತದೆ, ರವಿಕೆಗೆ ಮೈ ಅಳತೆಯೇ ಹೆಚ್ಚುಕಡಿಮೆ ಅಳತೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ನಿಮ್ಮ ಗಂಡಸರೆಲ್ಲ ಪೈಲವಾನರಾಗುತ್ತಾರೆ.

ತಂದೆಯವರನ್ನು ಕೇಳಿದಾಗ ಅವರು ಇನ್ನೂ ಒಂದು ಮಾತು ಹೇಳಿದರು, ಅದನ್ನು ಬರೆಯಲೇಬೇಕು. ಹೆಗಲ ಮೇಲೆ ಮೂಟೆ ಹೊರುವವರಿಗೆ ಒಂದು ಭುಜ ಇಳಿದಿರುತ್ತದೆ, ಪುಸ್ತಕದಲ್ಲಿ ಆ ಬದಿಗೆ ಗುರುತು ಹಾಕಿರುತ್ತಾರೆ. ಬೆನ್ನು ಬಾಗಿದ ಹಿರಿಯರಿಗೆ ಹಿಂದಿನ ಉದ್ದ ಮುಂದಿನದಕ್ಕಿಂತ ಹೆಚ್ಚು ಬೇಕು. ಎರಡೂ ಬದಿ ಸರಿಸಮವಾಗಿರುವ ಮೈಯನ್ನು ನಲವತ್ತು ವರ್ಷಗಳಲ್ಲಿ ತಾವು ಕಂಡದ್ದು ಬಹಳ ಕಡಿಮೆ ಎಂದರು.

ಪ್ರಶ್ನೆ ಕೇಳಿದವರು

ಸರ್, ಅಕ್ಕಾ, ಅಣ್ಣಾ, ಮೂವರಿಗೂ ಮನಸ್ಸಿನಿಂದ ವಂದನೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿಕೊಂಡು ನಾಲ್ವರೂ ಕುಳಿತು ಓದಿ, ಯೋಜನೆಯನ್ನು ಬದಲಿಸಿದೆವು. ಮೊದಲ ಆರು ವಾರ ಕಂಪ್ಯೂಟರ್ ಮುಟ್ಟುವುದಿಲ್ಲ. ಇಬ್ಬರು ನಿಲ್ದಾಣದಲ್ಲಿ ಎಣಿಕೆ ಮಾಡುತ್ತೇವೆ, ಇಬ್ಬರು ಹೊಲಿಗೆ ಅಂಗಡಿಗಳಲ್ಲಿ ಅಳತೆ ಬರೆದುಕೊಳ್ಳುತ್ತೇವೆ. ಸೆಮಿಸ್ಟರಿನ ಉಳಿದ ಭಾಗದಲ್ಲಿ ಮೈಕಟ್ಟು ಮತ್ತು ಮುಖ, ಎರಡನೆಯ ಸೆಮಿಸ್ಟರಿನಲ್ಲಿ ಚರ್ಮ, ಮೂರು ಸೀರೆ, ನಡಿಗೆ, ಕೊನೆಯ ತಿಂಗಳು ಪರೀಕ್ಷೆ. ನೋಡುಗರಿಗೆ ದೃಶ್ಯವನ್ನು ತೋರಿಸಿ, ಒಂದೇ ರೀತಿ ಕಾಣುವ ಇಬ್ಬರನ್ನು ಹುಡುಕಿರಿ ಎಂದು ಕೇಳಿ, ಹುಡುಕಲು ತೆಗೆದುಕೊಂಡ ಸಮಯವನ್ನು ಬರೆದಿಡುತ್ತೇವೆ. ಬೇಕೆಂದೇ ಒಂದು ಅವಳಿ ಜೋಡಿಯನ್ನು ಸೇರಿಸಿದ ದೃಶ್ಯವನ್ನೂ ಜೊತೆಗೆ ತೋರಿಸುತ್ತೇವೆ.

ನಿನ್ನೆ ಮೊದಲ ಬಾರಿಗೆ ಎಣಿಕೆಗೆ ಕುಳಿತಿದ್ದೆವು. ನಮ್ಮ ಕೋಷ್ಟಕದಲ್ಲಿ ವಯಸ್ಸು, ಉಡುಗೆ, ತಲೆಯ ಮೇಲಿನ ಬಟ್ಟೆಗಳಿಗೆ ಮಾತ್ರ ಅಂಕಣಗಳಿದ್ದವು. ಅರ್ಧ ತಾಸಿನೊಳಗೆ ಇನ್ನೊಂದು ಅಂಕಣ ಎಳೆಯಬೇಕಾಯಿತು, ಏಕೆಂದರೆ ಬರಿಗೈಯಲ್ಲಿ ನಿಂತವರೇ ಅಪರೂಪ: ಚೀಲ, ಬುಟ್ಟಿ, ಛತ್ರಿ, ಬೆನ್ನಿಗೆ ಬ್ಯಾಗು. ಒಬ್ಬ ತಾಯಿ ಮಗುವನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡು, ಬಲಗೈಯಲ್ಲಿ ಕೈಚೀಲ ಹಿಡಿದು, ಚಿಗರಿ ಬಸ್ಸಿನ ಕಡೆಗೆ ಅವಸರದಿಂದ ನಡೆದಳು. ಅವಳ ಮೈ ಪೂರ್ತಿ ಒಂದು ಕಡೆಗೆ ವಾಲಿತ್ತು. ಅಣ್ಣನ ತಂದೆಯವರ ಮಾತು ಆಗ ನನಗೆ ಅರ್ಥವಾಯಿತು. ಮಗುವನ್ನು ಹೀಗೆ ಎತ್ತಿಕೊಂಡ ಪಾತ್ರವನ್ನು ನಮ್ಮ ವಿಧಾನದಲ್ಲಿ ತರಲು ಸಾಧ್ಯವೇ? ಮಗುವನ್ನು ದೊಡ್ಡವರ ಜಾಲರಿಯನ್ನು ಕುಗ್ಗಿಸಿ ಮಾಡಬಹುದೇ?

ಉತ್ತರ – ಆ್ಯನಿಮೇಷನ್ ಕಲಾವಿದೆ, ಊರು ಗದಗ

ಕುಗ್ಗಿಸಿ ಮಾಡಬೇಡಿ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಸುಮಾರು ಕಾಲು ಭಾಗ ಇರುತ್ತದೆ, ದೊಡ್ಡವರಲ್ಲಿ ಅದು ಏಳು ಏಳೂವರೆಯಲ್ಲಿ ಒಂದು ಭಾಗ; ಕುಗ್ಗಿಸಿದ ದೊಡ್ಡವನು ಮಗುವಿನಂತೆ ಕಾಣುವುದೇ ಇಲ್ಲ. ಮೇಕ್‌ಹ್ಯೂಮನ್ನಿನ ವಯಸ್ಸಿನ ಸ್ಲೈಡರನ್ನು ಇಳಿಸಿದರೆ ಈ ಪ್ರಮಾಣವೂ ಬದಲಾಗುತ್ತದೆ, ಎರಡು ಮೂರು ಮಕ್ಕಳನ್ನು ಅದರಿಂದ ಮಾಡಿಕೊಂಡು ಕೈಯಿಂದ ತಿದ್ದಿ. ಹೊಲಿಗೆ ಅಂಗಡಿಯ ಲೆಕ್ಕವನ್ನು ಅವರಿಗೆ ಹಚ್ಚಬೇಡಿ.

ತಾಯಿಗೆ ಹೊಸ ನಡಿಗೆ ಬೇಕಿಲ್ಲ. ಇರುವ ನಡಿಗೆಯ ಮೇಲೆ ಇನ್ನೊಂದು ಭಂಗಿಯ ಪದರವನ್ನು ಕೂಡಿಸಿ: ಎಡಗೈ ಮಗುವನ್ನು ಬಳಸಿ ನಿಂತಿರಲಿ, ಅದು ಬೀಸಾಡಬಾರದು. ಎಡ ಸೊಂಟ ತುಸು ಹೊರಗೆ ಬರಲಿ, ಬೆನ್ನೆಲುಬು ಬಲಕ್ಕೆ ಬಾಗಲಿ, ಹೆಜ್ಜೆ ಗಿಡ್ಡವಾಗಲಿ. ಮಗುವನ್ನು ತಾಯಿಯ ಸೊಂಟದ ಮೂಳೆಗೆ ಜೋಡಿಸಿದರೆ ಅವಳ ಜೊತೆಗೇ ತೂಗುತ್ತದೆ. ಮಗುವಿನ ತಲೆಯನ್ನು ಮಾತ್ರ ಬಿಡಿಯಾಗಿಟ್ಟು, ಅದು ಬಸ್ಸು ಬರುವ ಕಡೆಗೆ ತಿರುಗುವಂತೆ ಮಾಡಿ. ಕೈಚೀಲದ ಬದಿಯ ಭುಜವನ್ನು ಎರಡು ಮೂರು ಡಿಗ್ರಿ ಇಳಿಸಿ, ಮೊದಲು ಈ ಒಬ್ಬಳನ್ನು ಪೂರ್ತಿ ಮುಗಿಸಿ ಇಲ್ಲಿ ತೋರಿಸಿ. ಸೊಂಟದ ಹತ್ತಿರ ಸೀರೆ ಮಗುವಿನ ಕಾಲೊಳಗೆ ತೂರುವ ಸಂಭವವಿದೆ, ಅದನ್ನು ನೋಡಿಕೊಂಡು ಮುಂದಿನ ದಾರಿ ಹೇಳುತ್ತೇನೆ.